ಪಿಕಪ್ಪಿಗೆ ಬೇಕಾದ ಹೊದಿಕೆ

ಕಾಪುವಿನ ಆಸುಪಾಸಿನಲ್ಲಿ ಮದುವೆಯಾಗಲಿ, ಗೃಹಪ್ರವೇಶವಾಗಲಿ, ಉತ್ತರಕ್ರಿಯೆಯಾಗಲಿ, ಕುರ್ಚಿ ಮೇಜು ಪಾತ್ರೆಗಳು ಬೇಕಾದರೆ ಜನ ಫೋನ್ ಮಾಡುತ್ತಿದ್ದದ್ದು ಉಮಾನಾಥನಿಗೆ. ಬಹರೈನಿನಲ್ಲಿ ಏಸಿ ರಿಪೇರಿಯ ಕೆಲಸದಲ್ಲಿದ್ದವನು ಮೊಣಕಾಲು ಕೈಕೊಟ್ಟ ಮೇಲೆ ಊರಿಗೆ ಬಂದು, ಹಳೆಯ ಪಿಕಪ್ ಒಂದನ್ನು ಕೊಂಡು ಈ ಬಾಡಿಗೆ ವ್ಯವಹಾರಕ್ಕೆ ಇಳಿದಿದ್ದ. ಹೆಚ್ಚು ಮಾತಿಲ್ಲ. ಹೇಳಿದ ಹೊತ್ತಿಗೆ ಬರುತ್ತಾನೆ, ಹೇಳಿದಷ್ಟು ತರುತ್ತಾನೆ ಎಂಬ ಹೆಸರಿತ್ತು.

ಕುರ್ಚಿ ಪಾತ್ರೆಗಳ ಜೊತೆಗೆ ಅವನಲ್ಲಿ ಒಂದು ಫ್ರೀಜರ್ ಪೆಟ್ಟಿಗೆಯೂ ಇತ್ತು. ಮನೆಯಲ್ಲಿ ಸಾವಾದಾಗ, ದುಬೈಯಿಂದಲೋ ಮುಂಬೈಯಿಂದಲೋ ಮಕ್ಕಳು ಬಂದು ಮುಟ್ಟುವ ತನಕ ದೇಹವನ್ನು ಇಡುವ ಗಾಜಿನ ಮುಚ್ಚಳದ ಪೆಟ್ಟಿಗೆ ಅದು. ಪಕ್ಕದೂರಿನ ಯುವಕ ಸಂಘದವರು ಯಾರೋ ದಾನ ಕೊಟ್ಟ ಆ ಪೆಟ್ಟಿಗೆಯನ್ನು ಇಟ್ಟುಕೊಂಡಿದ್ದರು. ಅದರ ಯಂತ್ರ ಕೆಟ್ಟಾಗ ರಿಪೇರಿಗೆಂದು ಉಮಾನಾಥನ ಅಂಗಳಕ್ಕೆ ತಂದು ಇಳಿಸಿದರು. ರಿಪೇರಿಯಾದ ಮೇಲೆ ಕೊಂಡುಹೋಗಲು ಮಾತ್ರ ಯಾರೂ ಬರಲಿಲ್ಲ. ಯಾರ ಮನೆಯಲ್ಲಿ ಇಡುವುದು ಎಂಬುದೇ ಅವರಿಗೆ ತಲೆಬಿಸಿಯಾಗಿತ್ತು. "ನಿಮ್ಮಲ್ಲೇ ಇರಲಿ, ಬೇಕಾದವರಿಗೆ ನೀವೇ ಕೊಂಡುಹೋಗಿ ಕೊಡಿ" ಎಂದರು. ಉಮಾನಾಥ ಆಗಲಿ ಎಂದ. ಅವನ ಹೆಂಡತಿ ಕುಶಲಾ ಒಂದೇ ಷರತ್ತು ಹಾಕಿದಳು. "ಪಾತ್ರೆ ಇಡುವ ಶೆಡ್ಡಿನಲ್ಲಿ ಬೇಡ. ಮನೆಯ ಹಿಂದೆ ಬೇರೆ ಮಾಡು ಇಳಿಸಿ, ಅದರಡಿ ಇಡಿ." ಹಾಗೆಯೇ ಆಯಿತು.

ಸಾವಿನ ಮನೆಗೆ ಹೋದಾಗ ಉಮಾನಾಥ ಯಾರನ್ನೂ ಸಮಾಧಾನ ಮಾಡಲು ಹೋಗುತ್ತಿರಲಿಲ್ಲ. ಆ ಮನೆಯವರ ಜೊತೆ ಸೇರಿ ಪೆಟ್ಟಿಗೆ ಇಳಿಸುವುದು, ಕರೆಂಟಿನ ವಯರು ಸರಿಯುಂಟಾ ನೋಡುವುದು, ತಂಪಾಗುವ ತನಕ ಜಗಲಿಯ ತುದಿಯಲ್ಲಿ ನಿಲ್ಲುವುದು, ಆಮೇಲೆ ಹೊರಟುಬಿಡುವುದು. ಅದು ಅವನಿಗೆ ಕುರ್ಚಿ ಇಳಿಸಿದಷ್ಟೇ ಒಂದು ಕೆಲಸವಾಗಿತ್ತು.

ಶಂಕರಪುರದ ಆ ಮನೆಗೆ ಹೋದ ದಿನದವರೆಗೆ.

ಅಂದು ಬೆಳಿಗ್ಗೆ ಫೋನ್ ಬಂದಿತ್ತು. ಮಲ್ಲಿಗೆ ಬೆಳೆಯುವ ಮನೆ. ಯಜಮಾನರು ಗಿಡದ ಬುಡದಲ್ಲೇ ಕುಸಿದು ತೀರಿಕೊಂಡಿದ್ದರು. ಉಮಾನಾಥ ಪೆಟ್ಟಿಗೆಯನ್ನು ಹಗ್ಗದಲ್ಲಿ ಬಿಗಿದು ಹೊರಟ. ಕಟಪಾಡಿಯಲ್ಲಿ ಹೆದ್ದಾರಿ ಬಿಟ್ಟು ಶಂಕರಪುರದ ರಸ್ತೆಗೆ ತಿರುಗಿದಾಗ, ಉಡುಪಿ ಕಡೆಯಿಂದ ಬಂದ ಒಂದು ಸ್ಕೂಟರ್ ಅವನ ಹಿಂದೆಯೇ ತಿರುಗಿತು. ಕನ್ನಡಿಯಲ್ಲಿ ನೋಡಿದ. ಯಾರೋ ಹುಡುಗಿ, ಕುತ್ತಿಗೆಯಲ್ಲಿ ಆಸ್ಪತ್ರೆಯ ಗುರುತಿನ ಚೀಟಿ. ರಸ್ತೆ ಕಿರಿದು, ದಾಟಿ ಹೋಗಲಿ ಎಂದು ಬದಿಗೆ ಸರಿದ. ಅವಳು ದಾಟಲಿಲ್ಲ. ಅವನು ನಿಧಾನ ಮಾಡಿದರೆ ಅವಳೂ ನಿಧಾನ. ಚರ್ಚ್ ಕಳೆಯಿತು, ಅಂಗಡಿಗಳ ಸಾಲು ಕಳೆಯಿತು. ಎಡಕ್ಕೆ ಒಂದು ಒಳರಸ್ತೆ ಬಂತು. ಉಮಾನಾಥ ತಿರುಗಿದ, ಸ್ಕೂಟರೂ ತಿರುಗಿತು. ಕೊನೆಗೆ ಮಣ್ಣಿನ ದಾರಿಯ ಬಾಯಲ್ಲಿ ಅವನು ಇಂಡಿಕೇಟರ್ ಹಾಕಿದಾಗ ಸ್ಕೂಟರ್ ನಿಂತುಬಿಟ್ಟಿತು. ಹುಡುಗಿ ಇಳಿದು ಓಡುತ್ತಾ ಬಂದು ಅವನ ಕಿಟಕಿಯ ಪಕ್ಕ ನಿಂತಳು.

"ನಮ್ಮ ಮನೆಗಾ ಅಣ್ಣ?" ಎಂದು ಕೇಳಿದಳು.

ಉಮಾನಾಥ ಫೋನಿನಲ್ಲಿ ಹೇಳಿದ ಮನೆಯ ಹೆಸರು ಹೇಳಿದ. ಅವಳು ತಲೆಯಾಡಿಸಿದಳು. ಆಮೇಲೆ ಗಾಡಿಯ ಹಿಂದೆ ಬಿಸಿಲಿಗೆ ಮಿಂಚುತ್ತಿದ್ದ ಗಾಜಿನ ಮುಚ್ಚಳವನ್ನು ನೋಡುತ್ತ ಅಲ್ಲೇ ನಿಂತಳು. ಉಮಾನಾಥನಿಗೆ ಗಾಡಿ ಮುಂದೆ ತೆಗೆಯಲೂ ಆಗಲಿಲ್ಲ, ಇಳಿಯಲೂ ಆಗಲಿಲ್ಲ. ಕೊನೆಗೆ ಮನೆಯಿಂದಲೇ ಯಾರೋ ಬಂದು ಅವಳನ್ನು ಹಿಡಿದುಕೊಂಡು ಹೋದರು.

ಅವಳು ದೀಕ್ಷಿತಾ, ತೀರಿಕೊಂಡವರ ಒಬ್ಬಳೇ ಮಗಳು. ಮಣಿಪಾಲದಲ್ಲಿ ನರ್ಸ್. ಅಪ್ಪನಿಗೆ ಸ್ವಲ್ಪ ಹುಷಾರಿಲ್ಲ, ಬೇಗ ಬಾ ಎಂದಷ್ಟೇ ಮನೆಯವರು ಅವಳಿಗೆ ಹೇಳಿದ್ದರು. ಬೆಳಿಗ್ಗೆ ಕೊಯ್ದ ಮೊಗ್ಗುಗಳನ್ನು ಅಂದು ಕಟ್ಟುವವರಿರಲಿಲ್ಲ. ಜಗಲಿಯ ಬುಟ್ಟಿಯಲ್ಲಿ ಅವು ಸಂಜೆಯ ಹೊತ್ತಿಗೆ ಹಾಗೇ ಅರಳಿ ನಿಂತಿದ್ದವು.

ಮರುದಿನ ಪೆಟ್ಟಿಗೆ ತರಲು ಹೋದಾಗ ದೀಕ್ಷಿತಾ ಅಂಗಳಕ್ಕೆ ಬಂದಳು. ಉಮಾನಾಥ ಏನೋ ಹೇಳಬೇಕೆಂದು ಬಾಯಿ ತೆರೆದ. ಅವಳೇ ಹೇಳಿದಳು: "ನಿಮ್ಮದು ತಪ್ಪಿಲ್ಲ ಅಣ್ಣ. ಮನೆಯವರು ಯಾರೂ ಹೇಳಲಿಲ್ಲ, ನಿಮ್ಮ ಗಾಡಿ ಹೇಳಿತು. ಪ್ರತಿ ತಿರುವಿನಲ್ಲೂ ಇದು ನೇರ ಹೋಗಲಿ ನೇರ ಹೋಗಲಿ ಅಂತ ದೇವರ ಹತ್ತಿರ ಕೇಳ್ತಾ ಇದ್ದೆ."

ಮನೆಗೆ ಬಂದ ಉಮಾನಾಥ ಊಟ ಮಾಡುತ್ತಾ ಕುಶಲಾಳಿಗೆ ಇಷ್ಟೇ ಹೇಳಿದ: "ಗಾಡಿಗೆ ಹಿಂದೆ ಎಂತಾದರೂ ಹೊದಿಕೆ ಮಾಡಬೇಕು."

ಮೊದಲು ಹೋದದ್ದು ಆದಿ ಉಡುಪಿಯ ಕಡೆಗೆ. ಅಲ್ಲಿ ವಾಹನಗಳ ಸೀಟು, ಸ್ಪೀಕರು, ಅಲಂಕಾರದ ಸಾಮಾನು ಮಾರುವ ಅಂಗಡಿಯಿತ್ತು. ರಿತೇಶ್ ಎಂಬ ಚುರುಕಿನ ಮಾರಾಟಗಾರ ಒಂದರ ಮೇಲೊಂದು ಚಿತ್ರ ತೋರಿಸಿದ. ಅಂಗಡಿಯ ಶಟರಿನಂತೆ ಸುರುಳಿ ಸುತ್ತುವ ಅಲ್ಯೂಮಿನಿಯಂ ಹೊದಿಕೆ, ಡಬ್ಬಿಯ ಮುಚ್ಚಳದಂತೆ ಎತ್ತಿ ಇಡುವ ಫೈಬರಿನದು, ಮೂರು ಮಡಿಕೆಯದು.

"ಇದು ಹಾಕಿದರೆ ಗಾಡಿಯ ಲುಕ್ಕೇ ಬೇರೆ ಆಗ್ತದೆ ಅಣ್ಣ" ಎಂದ.

"ಲುಕ್ ಬೇಡ. ಒಳಗೆ ಇದ್ದದ್ದು ಹೊರಗೆ ಕಾಣಬಾರದು, ಅಷ್ಟೇ."

"ಒಳಗೆ ಎಂತ ಇರ್ತದೆ?"

"ಒಂದು ಪೆಟ್ಟಿಗೆ."

ರಿತೇಶ್ ಎತ್ತರ ಕೇಳಿದ. ಉಮಾನಾಥ ಎದೆಯ ಹತ್ತಿರ ಕೈ ಹಿಡಿದು ತೋರಿಸಿದ. ಹಾಗಾದರೆ ಈ ಚಪ್ಪಟೆ ಹೊದಿಕೆಗಳು ಯಾವುದೂ ಆಗುವುದಿಲ್ಲ, ಅವೆಲ್ಲ ಬದಿಯ ಹಲಗೆಯ ಮಟ್ಟಕ್ಕೇ ಕೂರುವಂಥವು ಎಂದು ರಿತೇಶ್ ಒಪ್ಪಿಕೊಂಡ. ಆಮೇಲೆ ಅಂಗಡಿಯ ಹಿಂದೆ ಕರೆದುಕೊಂಡು ಹೋಗಿ ಬಿಳಿಯ ಫೈಬರ್ ಗೂಡೊಂದನ್ನು ತೋರಿಸಿದ. ಬದಿಯಲ್ಲಿ ಗಾಜು, ಹಿಂದೆ ಬಾಗಿಲು, ಬಾಗಿಲಿಗೆ ಬೀಗ. ಉಮಾನಾಥ ಅದರ ಸುತ್ತ ಒಂದು ಬಾರಿ ನಡೆದ. ಇದನ್ನು ಗಾಡಿಯ ಮೇಲೆ ಕೂರಿಸಿದರೆ ಆಂಬುಲೆನ್ಸೇ. ಪೆಟ್ಟಿಗೆಯನ್ನು ಮುಚ್ಚಲು ಹೋಗಿ ಅದಕ್ಕೊಂದು ಬೋರ್ಡು ಬರೆಸಿದ ಹಾಗಾಗುತ್ತಿತ್ತು. ಬಣ್ಣ ಬದಲಿಸಿ ಕೊಡುತ್ತೇವೆ ಎಂದು ರಿತೇಶ್ ಹೇಳಿದ. ಆದರೆ ಗೂಡಿನ ಮಾಡು ತಗ್ಗು. ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿ ಎತ್ತರಕ್ಕೆ ಪೇರಿಸಲು ಬರುವುದಿಲ್ಲ. ಒಂದು ಮದುವೆಗೆ ಮೂರು ಸಲ ಓಡಾಡಬೇಕು. ಉಮಾನಾಥ ಕೈಮುಗಿದು ಬಂದ.

ಬರುವ ದಾರಿಯಲ್ಲಿ ಹಾರ್ಡ್‌ವೇರ್ ಅಂಗಡಿಯಿಂದ ಒಂದು ನೀಲಿ ಟರ್ಪಾಲು ತಂದ. ಪೆಟ್ಟಿಗೆ ಹೋಗುವ ದಿನ ಅದರ ಮೇಲೆ ಹೊದಿಸಿ ಕಟ್ಟುವುದು, ಕೆಲಸ ಮುಗಿದ ಮೇಲೆ ಮಡಚಿ ಸೀಟಿನ ಹಿಂದೆ ಇಡುವುದು. ಸುಲಭದ ದಾರಿ. ಹೆದ್ದಾರಿಯಲ್ಲಿ ಗಾಳಿಗೆ ಪಟಪಟ ಬಡಿಯುತ್ತಿತ್ತು, ಪೆಟ್ಟಿಗೆಯ ಆಕಾರ ಅಡಿಯಲ್ಲಿ ಹಾಗೇ ಮೂಡಿ ಕಾಣುತ್ತಿತ್ತು. ಆದರೂ ಗಾಜು ಮಿಂಚುವುದಿಲ್ಲವಲ್ಲ ಎಂದು ಅವನು ಸಮಾಧಾನಪಟ್ಟುಕೊಂಡ.

ಮಳೆ ಹಿಡಿಯುವ ಮುಂಚಿನ ದಿನಗಳಲ್ಲಿ ಹೆಜಮಾಡಿಯಲ್ಲಿ ಒಂದು ನಿಶ್ಚಿತಾರ್ಥವಿತ್ತು. ಕಡಲಿನಿಂದ ಮೋಡ ಏರಿ ಹನಿ ಬೀಳತೊಡಗಿದ್ದರಿಂದ ಉಮಾನಾಥ ಕುರ್ಚಿಗಳು ನೆನೆಯದಿರಲೆಂದು ಅವುಗಳ ಮೇಲೆ ಅದೇ ನೀಲಿ ಟರ್ಪಾಲು ಕಟ್ಟಿದ. ಅಂಗಳಕ್ಕೆ ಗಾಡಿ ತಿರುಗಿಸಿದಾಗ ಜಗಲಿಯಲ್ಲಿ ಹೂವು ಕಟ್ಟುತ್ತಿದ್ದ ಮನೆಯ ಅಜ್ಜಿ ತಲೆಯೆತ್ತಿ ನೋಡಿದರು. ಮಡಿಲಿನ ಹೂವು ನೆಲಕ್ಕೆ ಬಿತ್ತು.

"ಇಲ್ಲಿಗೆ ಎಂತಕ್ಕೆ ಬಂದದ್ದು ನೀವು? ಯಾರು ಕರೆದದ್ದು?"

ಅವನು ಉತ್ತರಿಸುವ ಮುಂಚೆಯೇ ಅಜ್ಜಿ ಒಳಗೆ ಓಡಿದರು. ಒಳಕೋಣೆಯಲ್ಲಿ ಹಾಸಿಗೆ ಹಿಡಿದಿದ್ದ ಅವರ ಗಂಡ ಮಲಗಿದ್ದರು. ಅವರ ಎದೆಯ ಮೇಲೆ ಅಜ್ಜಿ ಎರಡೂ ಕೈ ಇಟ್ಟು ಅಲುಗಾಡಿಸಿದರು. ನಿದ್ದೆಯಿಂದ ಎಚ್ಚರಗೊಂಡ ಅಜ್ಜ, ನಿನಗೆ ಮರ್ಲು ಹಿಡಿದಿದೆಯಾ ಎಂದು ಬೈದದ್ದು ಹೊರಗಿನವರಿಗೂ ಕೇಳಿಸಿತು. ಹಿಂದಿನ ತಿಂಗಳು ಪಡುಬಿದ್ರಿಯಲ್ಲಿ ಅಜ್ಜಿಯ ತಂಗಿ ತೀರಿಕೊಂಡಾಗ ಆ ಮನೆಗೆ ಬಂದದ್ದು ಈ ಗಾಡಿ, ಈ ನೀಲಿ ಟರ್ಪಾಲು. ಗಂಡನ ಸಂಗತಿಯನ್ನು ತನ್ನಿಂದ ಮುಚ್ಚಿಟ್ಟಿದ್ದಾರೆ ಎಂದೇ ಅವರು ತಿಳಿದಿದ್ದರು. ಉಮಾನಾಥ ಟರ್ಪಾಲಿನ ಮೂಲೆ ಎತ್ತಿ ಕೆಂಪು ಕುರ್ಚಿಗಳನ್ನು ಎಲ್ಲರಿಗೂ ತೋರಿಸಬೇಕಾಯಿತು. ಕೆಲವರು ನಕ್ಕರು. ಅಜ್ಜಿ ಆಮೇಲೆ ಜಗಲಿಗೆ ಬರಲೇ ಇಲ್ಲ.

ಸಂಜೆ ಕುಶಲಾ ಎಲ್ಲವನ್ನೂ ಕೇಳಿಸಿಕೊಂಡಳು.

"ನೀವು ಹೊದಿಕೆ ಹಾಕಿದ್ದು ಪೆಟ್ಟಿಗೆಗೆ. ಹಾಕಬೇಕಾದದ್ದು ಗಾಡಿಗೆ" ಎಂದಳು. "ಕುರ್ಚಿ ಇದ್ದರೂ ಇರಬೇಕು, ಖಾಲಿ ಇದ್ದರೂ ಇರಬೇಕು. ಆಗ ಯಾರಿಗೆ ಎಂತ ಗೊತ್ತಾಗ್ತದೆ?"

ಕಾರ್ಕಳದಲ್ಲಿ ಲಾರಿಗಳಿಗೆ ಕ್ಯಾನ್ವಾಸ್ ಹೊಲಿಯುವ ಸ್ಯಾಮ್ಸನ್ ಎಂಬವರಿದ್ದಾರೆ ಎಂದು ಯಾರೋ ಹೇಳಿದ್ದರು. ಮುಂದಿನ ವಾರ ಗಂಡ ಹೆಂಡತಿ ಇಬ್ಬರೂ ಹೋದರು. ಸ್ಯಾಮ್ಸನ್ ಅರವತ್ತರ ಆಸುಪಾಸಿನ ದಪ್ಪ ಮನುಷ್ಯ. ಹೊಲಿಗೆ ಯಂತ್ರದ ಮುಂದೆ ಕ್ಯಾನ್ವಾಸಿನ ರಾಶಿಯ ನಡುವೆ ಕುಳಿತಿದ್ದರು. ಅವರೂ ಅದೇ ಪ್ರಶ್ನೆ ಕೇಳಿದರು, ಗಾಡಿಯಲ್ಲಿ ಎಂತ ಕೊಂಡುಹೋಗುವುದು ಎಂದು. ಈ ಸಲ ಉಮಾನಾಥ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಸ್ಯಾಮ್ಸನ್ ಯಂತ್ರ ನಿಲ್ಲಿಸಿ ಕೇಳಿದರು.

"ಹಾಗಾದರೆ ಕಬ್ಬಿಣದ ಕಮಾನು ಹಾಕುವ. ಮೇಲಿಂದ ಕ್ಯಾನ್ವಾಸ್. ಒಳಗೆ ಒಬ್ಬ ಬಗ್ಗಿ ನಿಲ್ಲಬಹುದು, ಕುರ್ಚಿಯೂ ಹಿಡಿಸ್ತದೆ" ಎಂದರು. "ಬಣ್ಣ?"

ಉಮಾನಾಥ ಕಪ್ಪಿನ ಸುರುಳಿ ಮುಟ್ಟಿದ. ಕುಶಲಾ ಬೇಡವೆಂದಳು. ನೀಲಿಯ ಮಾತೇ ಇಲ್ಲ. ಬೂದುಬಣ್ಣದ್ದು ಚೆನ್ನಾಗಿತ್ತು, ಆದರೆ ಅಂಥದ್ದು ರಸ್ತೆಯಲ್ಲಿ ಅವಳು ಕಂಡದ್ದಿಲ್ಲ.

"ತರಕಾರಿ ಗಾಡಿಗಳಿಗೆ ಯಾವುದು ಹಾಕ್ತೀರಿ?" ಎಂದು ಕೇಳಿದಳು.

"ಈ ಎಲೆ ಹಸಿರು. ಹತ್ತು ಗಾಡಿಯಲ್ಲಿ ಎಂಟಕ್ಕೆ ಇದೇ."

"ಅದೇ ಇರಲಿ."

ಹಿಂದಿನ ಪರದೆಯ ವಿಷಯದಲ್ಲಿ ಸ್ವಲ್ಪ ಚರ್ಚೆಯಾಯಿತು. ಈಗ ಎಲ್ಲರೂ ಅಂಟುಪಟ್ಟಿ ಹಾಕಿಸುತ್ತಾರೆ, ಒತ್ತಿದರೆ ಹಿಡಿಯುತ್ತದೆ, ಎಳೆದರೆ ಬಿಡುತ್ತದೆ ಎಂದು ಸ್ಯಾಮ್ಸನ್ ಒಂದು ತುಂಡನ್ನು ಎಳೆದು ತೋರಿಸಿದರು. ಬಟ್ಟೆ ಹರಿದಂತೆ ಪರ್ರನೆ ಸದ್ದಾಯಿತು. ಉಮಾನಾಥನಿಗೆ ತುಂಬಿದ ಅಂಗಳವೊಂದರಲ್ಲಿ ಆ ಸದ್ದು ಕೇಳಿ ಎಲ್ಲ ತಲೆಗಳೂ ಇತ್ತ ತಿರುಗುವುದು ಕಣ್ಣಿಗೆ ಕಟ್ಟಿತು.

"ಇದು ಬೇಡ. ಸದ್ದಿಲ್ಲದೆ ಬಿಚ್ಚುವಂಥದ್ದು ಬೇಕು."

"ಬೆಲ್ಟ್ ಹಾಕಬಹುದು. ಆದರೆ ಒಂದೊಂದಾಗಿ ಬಿಚ್ಚಬೇಕು ಮಾರಾಯ್ರೇ, ಹೊತ್ತು ಹಿಡಿತದೆ."

"ಹಿಡಿಯಲಿ" ಎಂದ ಉಮಾನಾಥ.

ಹಸಿರು ಹೊದಿಕೆ ಬಂದ ಮೇಲೆ ಅವನು ಅದನ್ನು ಗಾಡಿಯಿಂದ ತೆಗೆಯಲಿಲ್ಲ. ಮೊದಮೊದಲು ಜನ ಕಮಾನಿನ ಕಡೆಗೇ ನೋಡುತ್ತಿದ್ದರು, ಆಮೇಲೆ ಬಿಟ್ಟರು. ಆದರೆ ಬೇರೊಂದು ತೊಡಕು ಹುಟ್ಟಿಕೊಂಡಿತು. ಹಿಂದೆ ಗಾಡಿ ತೆರೆದಿದ್ದಾಗ ಮದುವೆಮನೆಯವರ ಕಣ್ಣಿಗೆ ಬೀಳುತ್ತಿದ್ದದ್ದು ಕುರ್ಚಿ ಮಾತ್ರ. ಈಗ ಮುಚ್ಚಿದ ಗಾಡಿಯನ್ನು ನೋಡಿದಾಗಲೆಲ್ಲ ಅವರಿಗೆ ಪೆಟ್ಟಿಗೆಯ ನೆನಪಾಗುತ್ತಿತ್ತು. ಕಾಪುವಿನ ಒಬ್ಬರು ಮಗಳ ಮದುವೆಗೆ ಪಾತ್ರೆ ಹೇಳಿದವರು ಮನೆಗೇ ಬಂದು, "ಅದು ಹೋಗುವ ಗಾಡಿಯಲ್ಲೇ ಇದೂ ಬರುವುದಾ?" ಎಂದು ವಿಚಾರಿಸಿದರು.

"ಹೌದು. ಮೊದಲೂ ಹಾಗೆಯೇ ಬರ್ತಿತ್ತು" ಎಂದ ಉಮಾನಾಥ.

ಅವರು ಪಾತ್ರೆಗೆ ಬೇರೆ ಕಡೆ ನೋಡಿಕೊಂಡರು. ಇನ್ನೂ ಒಂದಿಬ್ಬರು ಹಾಗೆಯೇ ಮಾಡಿದರು. ಉಮಾನಾಥ ಅವರ ಬಗ್ಗೆ ಕೆಟ್ಟ ಮಾತಾಡಲಿಲ್ಲ. ಕುಶಲಾ ಮಾತ್ರ ಆ ವರ್ಷ ಪಾತ್ರೆಗಳನ್ನು ಬಿಸಿನೀರಿನಲ್ಲಿ ಇನ್ನೊಂದು ಸಲ ತೊಳೆದು, ಅಂಗಳದಲ್ಲಿ ಎಲ್ಲರಿಗೂ ಕಾಣುವ ಹಾಗೆ ಕವುಚಿ ಒಣಗಿಸತೊಡಗಿದಳು.

ಮಳೆ ಬಿಟ್ಟ ಮೇಲೆ ಕಾರ್ಕಳದ ಕಡೆಯ ಒಂದು ಮನೆಯಿಂದ ಕರೆ ಬಂತು. ಮಣಿಪಾಲದ ಆಸ್ಪತ್ರೆಯಲ್ಲಿ ಅತ್ತೆ ತೀರಿಕೊಂಡಿದ್ದಾರೆ, ನಾವು ದೇಹ ತರುತ್ತೇವೆ, ನೀವು ಮೊದಲು ಹೋಗಿ ಪೆಟ್ಟಿಗೆ ಇಳಿಸಿರಿ ಎಂದು ಅಳಿಯ ಫೋನಿನಲ್ಲಿ ಹೇಳಿದ್ದ. ಉಮಾನಾಥ ಗೇಟಿನ ಎದುರು ನಿಲ್ಲಿಸಿದಾಗ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ವಯಸ್ಸಾದವರೊಬ್ಬರು ಗದ್ದೆಯ ಕಡೆಯಿಂದ ಬಂದರು. ಹಸಿರು ಕಮಾನನ್ನು ನೋಡಿ ನಿಂತರು.

"ತರಕಾರಿಯಾ? ಇಲ್ಲಿ ಯಾರೂ ಹೇಳಲಿಲ್ಲವಲ್ಲ. ದಾರಿ ತಪ್ಪಿ ಬಂದಿರಾ?"

ಹೊದಿಕೆ ತನ್ನ ಕೆಲಸ ಮಾಡಿತ್ತು. ಇನ್ನು ಬಾಯಿಂದಲೇ ಹೇಳಬೇಕಿತ್ತು. ಇಷ್ಟು ವರ್ಷಗಳಲ್ಲಿ ಉಮಾನಾಥ ಒಮ್ಮೆಯೂ ಯಾರಿಗೂ ಆ ಸುದ್ದಿ ಹೇಳಿದವನಲ್ಲ. ಅವನು ಗಾಡಿಯಿಂದ ಇಳಿದ.

"ಆಸ್ಪತ್ರೆಯಲ್ಲಿ ಇದ್ದದ್ದು ನಿಮಗೆ ಯಾರು?"

"ನನ್ನ ಅಕ್ಕ. ಎಂತ?"

"ನಿಮಗೆ ಫೋನ್ ಬರಲಿಲ್ಲವಾ?"

"ಫೋನ್ ಒಳಗುಂಟು. ನಾನು ಹುಲ್ಲಿಗೆ ಹೋದದ್ದು."

"ಅಕ್ಕ ಹೋದರು" ಎಂದ ಉಮಾನಾಥ. "ಅವರು ತರ್ತಾ ಇದ್ದಾರೆ. ನಾನು ಪೆಟ್ಟಿಗೆ ತಂದವನು."

ಅವರು ಹೊರೆ ಇಳಿಸಲಿಲ್ಲ. ಹಟ್ಟಿಯಲ್ಲಿ ಹಸು ಕೂಗಿತು. "ಅದಕ್ಕೆ ಸ್ವಲ್ಪ ಹುಲ್ಲು ಹಾಕಿ ಬರ್ತೇನೆ, ಅಕ್ಕನ ಹಸು" ಎಂದು ಹೇಳಿ ಹಿಂದಕ್ಕೆ ನಡೆದರು. ಉಮಾನಾಥ ಬೆಲ್ಟಿಗೆ ಕೈ ಹಾಕದೆ ಅಂಗಳದಲ್ಲಿ ಕಾದ. ಅವರು ಕೈ ತೊಳೆದು, ಮುಖ ಒರೆಸಿಕೊಂಡು ಬಂದ ಮೇಲೆ ಒಂದೊಂದೇ ಬೆಲ್ಟ್ ಬಿಚ್ಚಿದ. ಇಬ್ಬರೇ ಸೇರಿ ಪೆಟ್ಟಿಗೆ ಇಳಿಸಿದರು. ಅಂದು ಉಮಾನಾಥ ತಂಪಾದ ಕೂಡಲೇ ಹೊರಡಲಿಲ್ಲ. ಮಣಿಪಾಲದಿಂದ ಜನ ಬರುವ ತನಕ ಅವರ ಪಕ್ಕದಲ್ಲಿ ಜಗಲಿಯಲ್ಲಿ ಕುಳಿತಿದ್ದ. ಅವರು ಅಕ್ಕನ ಬಗ್ಗೆ ಏನೇನೋ ಹೇಳಿದರು, ಅವನು ಕೇಳಿದ.

ಅಲ್ಲಿಂದೀಚೆಗೆ ಪೆಟ್ಟಿಗೆಗೆಂದು ಫೋನ್ ಬಂದರೆ ಉಮಾನಾಥ ವಿಳಾಸಕ್ಕಿಂತ ಮೊದಲು ಒಂದು ಮಾತು ಕೇಳುತ್ತಾನೆ: "ಮನೆಯಲ್ಲಿ ಎಲ್ಲರಿಗೂ ಗೊತ್ತುಂಟಾ?" ಕೆಲವರಿಗೆ ಸಿಟ್ಟು ಬರುತ್ತದೆ. ಅದೆಲ್ಲ ನಿಮಗೆ ಯಾಕೆ ಎಂದು ಗದರಿದವರೂ ಇದ್ದಾರೆ. ಮೊನ್ನೆ ಒಬ್ಬ, ತಂದೆಯನ್ನು ಕಳೆದುಕೊಂಡವನು, ತಡವರಿಸಿ ಹೇಳಿದ: "ಅಮ್ಮನಿಗೆ ಮಾತ್ರ ಹೇಳಲಿಲ್ಲ. ಹೇಗೆ ಹೇಳುವುದು ಅಂತ ನೋಡ್ತಾ ಇದ್ದೇವೆ."

"ಹೇಳಿ. ಹೇಳಿದ ಮೇಲೆ ಫೋನ್ ಮಾಡಿ, ನಾನು ಇಲ್ಲೇ ಇದ್ದೇನೆ" ಎಂದು ಉಮಾನಾಥ ಫೋನ್ ಇಟ್ಟ.

ಕುಶಲಾ ಕಾಫಿ ತಂದಳು. ಮರುದಿನದ ಗೃಹಪ್ರವೇಶಕ್ಕೆ ಹೋಗಬೇಕಾದ ಕಡಾಯಿಗಳು ಅಂಗಳದಲ್ಲಿದ್ದವು. ಫೋನ್ ಬರುವಷ್ಟರಲ್ಲಿ ಅವುಗಳನ್ನು ಶೆಡ್ಡಿನ ಬಾಗಿಲಿಗೆ ತಂದಿಡುವ ಎಂದು ಇಬ್ಬರೂ ಎದ್ದರು.