ಗುಂಡುಕಲ್ಲು ಕೂತ ಗಾಡಿ

ಬೆಳಿಗ್ಗೆ ಎದ್ದು ಮುಂಬಾಗಿಲು ತೆಗೆದ ಕೂಡಲೇ ನಾನು ಮಾಡುವ ಕೆಲಸವೆಂದರೆ, ಅದು ಗಾಳಿಗೆ ಬಡಿದುಕೊಳ್ಳದಂತೆ ಗುಂಡುಕಲ್ಲನ್ನು ಕಾಲಿನಿಂದ ಸರಿಸಿ ಒತ್ತಿಡುವುದು. ಇವತ್ತು ಕಾಲು ಹಾಕುವ ಮೊದಲು ಕಲ್ಲಿನ ಮೇಲೆ ಏನೋ ಹಳದಿಯಾಗಿ ಕಂಡಿತು. ಬಗ್ಗಿ ನೋಡಿದೆ. ಉಲ್ಲನ್ನಿನ ಒಂದು ಎಳೆ, ಕಲ್ಲಿನ ತರಿಯೊಳಗೆ ಸಿಕ್ಕಿಕೊಂಡಿತ್ತು. ಒಂದು ವರ್ಷದಿಂದ ವಾರವಾರವೂ ಈ ಕಲ್ಲನ್ನು ಒರೆಸುತ್ತಿದ್ದೇನೆ. ಆದರೂ ಇದು ನನ್ನ ಕಣ್ಣು ತಪ್ಪಿಸಿಕೊಂಡಿತ್ತು. ವಾರ್ಡಿನಲ್ಲಿದ್ದಾಗ ಹೀಗಾಗಿದ್ದರೆ ಆಯಾಳನ್ನು ನಿಲ್ಲಿಸಿ ಬಯ್ಯುತ್ತಿದ್ದೆ.

ನಾನು ಹೆರಿಗೆ ವಾರ್ಡಿನ ನರ್ಸಾಗಿದ್ದವಳು. ನಿವೃತ್ತಿಯಾದ ಮೇಲೂ ಶಿವಮೊಗ್ಗದ ನಮ್ಮ ಬೀದಿಗೆಲ್ಲ ನಾನು ಸಿಸ್ಟರೇ. ತರಕಾರಿಯವನಿಗೂ ಸಿಸ್ಟರ್, ಅವನ ಮೊಮ್ಮಗನಿಗೂ ಸಿಸ್ಟರ್. ಅಕ್ಕ, ಚಿಕ್ಕಮ್ಮ, ಅಜ್ಜಿ ಎಂದು ಕರೆಯುವವರು ಯಾರೂ ಇಲ್ಲ. ಮದುವೆಯಾಗದವಳಿಗೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ ಬಿಡಿ. ಮಹಡಿಯ ಮೇಲೆ ನಾನಿರುತ್ತೇನೆ, ಕೆಳಗಿನ ಮನೆಯನ್ನು ಬಾಡಿಗೆಗೆ ಕೊಡುತ್ತೇನೆ. ಊಟ, ನಿದ್ದೆ, ಓಡಾಟ, ಬಟ್ಟೆ ಒಣಹಾಕುವುದು, ಎಲ್ಲಕ್ಕೂ ಹೊತ್ತು ಗೊತ್ತು. ಸಂಜೆ ಕಾಫಿಯಾದ ಮೇಲಿನ ಹೊತ್ತು ಮಾತ್ರ ಯಾವ ಶಿಸ್ತಿಗೂ ಬಗ್ಗುವುದಿಲ್ಲ. ಅದು ಸುಮ್ಮನೆ ಉಳಿದುಬಿಡುತ್ತದೆ.

ಈ ಗುಂಡುಕಲ್ಲು ಭದ್ರಾವತಿಯದು. ನನ್ನ ತಂದೆ ಅಲ್ಲಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ನ್ಯೂ ಟೌನಿನ ನಮ್ಮ ಕ್ವಾರ್ಟರ್ಸ್ ಸಾಲಿಗೆಲ್ಲ ಸೇರಿ ಒಂದೇ ಮಗುವಿನ ಗಾಡಿ ಇತ್ತು. ಯಾರೋ ಪೈಪು ಬೆಸೆದು, ಹಳೆಯ ಬೇರಿಂಗು ಹಾಕಿ ಮಾಡಿದ್ದು. ಯಾವ ಮನೆಯಲ್ಲಿ ಕೂಸು ಹುಟ್ಟುತ್ತದೋ ಗಾಡಿ ಆ ಮನೆಗೆ ಹೋಗುತ್ತಿತ್ತು. ತಳ್ಳಿಕೊಂಡು ಹೋಗುವವರು ನಾವು ಹುಡುಗಿಯರು. ರಸ್ತೆಯ ಮೇಲೆ ಅದು ಮಾಡುತ್ತಿದ್ದ ಗಡಗಡ ಶಬ್ದಕ್ಕೆ ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಗಂಡಸರು ಎದ್ದು ಕಿಟಕಿಯಿಂದಲೇ ಬಯ್ಯುತ್ತಿದ್ದರು. ಒಂದು ಸಲ ನಾವು ಖಾಲಿ ಗಾಡಿ ತಳ್ಳಿಕೊಂಡು ಹೊರಟಾಗ ಪಕ್ಕದ ಮನೆಯ ಸೆಲ್ವಿಯಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಓಡಿಬಂದಳು.

"ಏಯ್, ನಿಲ್ಲುಡಿ! ಕಾಲಿ ವಂಡಿ ತಳ್ತಾರಾ ಯಾರಾದ್ರೂ? ನಿಮ್ಮಮ್ಮನ ಕೇಳಿ ಕಲ್ಲು ತಗೊಂಡು ಬಾ ಮೊದ್ಲು!"

ಖಾಲಿ ತೊಟ್ಟಿಲು ತೂಗಬಾರದು ಎನ್ನುವುದು ನಮ್ಮ ಕಡೆ ಎಲ್ಲರೂ ಬಲ್ಲ ಮಾತು. ನಾಮಕರಣದ ದಿನ ಮಗುವಿಗಿಂತ ಮೊದಲು ಒರಳಿನ ಗುಂಡುಕಲ್ಲಿಗೆ ಟೋಪಿ ಹಾಕಿ ತೊಟ್ಟಿಲಲ್ಲಿ ಮಲಗಿಸುತ್ತಾರೆ. ತಮಿಳಿನ ಸೆಲ್ವಿಯಕ್ಕ ಅದನ್ನು ನಮ್ಮಿಂದ ಕಲಿತು, ನಮಗಿಂತ ಕಟ್ಟುನಿಟ್ಟಾಗಿ ಗಾಡಿಗೂ ಅನ್ವಯಿಸಿಬಿಟ್ಟಿದ್ದಳು. ಸಾಲಿನಲ್ಲಿ ನಮ್ಮ ಮನೆಯ ಕಲ್ಲೇ ಚಿಕ್ಕದು, ನುಣುಪು. ಹಾಗಾಗಿ ಪ್ರತಿ ಸಲವೂ ಅದೇ ಟೋಪಿ ಹಾಕಿಕೊಂಡು ಸವಾರಿ ಹೊರಡುತ್ತಿತ್ತು, ಮಗುವನ್ನು ಕೂರಿಸಿದ ಮೇಲೆ ನನ್ನ ಕಂಕುಳಲ್ಲಿ ವಾಪಸು ಬರುತ್ತಿತ್ತು. ನಾನು ಒಬ್ಬಳೇ ಮಗಳು. ನನಗೆ ನೆನಪಿರುವಂತೆ ಗಾಡಿ ನಮ್ಮ ಮನೆಯಲ್ಲಿ ನಿಂತದ್ದೇ ಇಲ್ಲ.

ಈಗ ಹಳದಿ ಎಳೆಯ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಕೆಳಗಿನ ಮನೆಯಲ್ಲಿ ಕಾವ್ಯ, ಅವಳ ಗಂಡ ಮಂಜುನಾಥ ಇದ್ದರು. ಅವನಿಗೆ ಬ್ಯಾಂಕಿನಲ್ಲಿ ಕೆಲಸ. ಅವಳು ಹೊಳೆಹೊನ್ನೂರಿನ ಹುಡುಗಿ. ಬಾಣಂತನ ಮುಗಿಸಿಕೊಂಡು ತಾಯಿಯ ಮನೆಯಿಂದ ಮಗುವಿನೊಂದಿಗೆ ಬಂದವಳು, ಮಾರನೆಯ ದಿನವೇ ಮೆಟ್ಟಿಲು ಹತ್ತಿ ಬಂದಳು.

"ಸಿಸ್ಟರ್, ಪಾಪುಗೆ ಒಂದು ಸ್ಟ್ರಾಲರ್ ತಗೋಬೇಕು. ನೀವೇ ಆರಿಸಿಕೊಡಿ. ಇವ್ರು ಫೋನಲ್ಲಿ ನೋಡಿ ನೋಡಿ ತಲೆ ಕೆಡಿಸ್ಕೊಂಡಿದ್ದಾರೆ."

"ಗಾಡಿಯನ್ನ ಫೋನಲ್ಲಿ ನೋಡಿ ತಗೋತಾರೇನೇ ಮಾರಾಯ್ತಿ? ಚಕ್ರ ತಿರುಗಿಸಿ ನೋಡ್ಬೇಡ್ವಾ?" ಎಂದೆ. ನನ್ನ ದನಿ ಮಾಮೂಲಿಗಿಂತ ಗಡುಸಾಗಿತ್ತು. ಸಂತೋಷವಾದರೆ ನನಗೆ ಹಾಗಾಗುತ್ತದೆ.

ಅಂದಿನಿಂದ ಸಂಜೆಯ ಹೊತ್ತಿಗೊಂದು ಕೆಲಸ ಸಿಕ್ಕಿತು. ಬೀದಿಯುದ್ದಕ್ಕೂ ನಡೆದು ನೋಡಿದೆ. ಚರಂಡಿಯ ಚಪ್ಪಡಿ ಎಲ್ಲಿ ಎದ್ದಿದೆ, ಪಾರ್ಕಿನ ಗೇಟು ಎಷ್ಟು ಅಗಲ, ಯಾವ ಮನೆಯ ನಾಯಿ ಬೊಗಳುತ್ತದೆ. ಕಾವ್ಯ ಅಡುಗೆಗೆ ನಿಲ್ಲುವ ಹೊತ್ತಿನಲ್ಲಿ ಮಗುವನ್ನು ನಾನೇ ಪಾರ್ಕಿಗೆ ಕರೆದುಕೊಂಡು ಹೋಗುವುದು ಎಂದು ನಿರ್ಧಾರವಾಯಿತು. ನಿರ್ಧರಿಸಿದ್ದು ನಾನೊಬ್ಬಳೇ. ಮಗುವಿನ ತಾಯಿಗೆ ಇನ್ನೂ ಹೇಳಿರಲಿಲ್ಲ. ನೀವು ನಗಬಹುದು. ಹಳದಿ ಉಲ್ಲನ್ ತಂದು ಒಂದು ಟೋಪಿಯನ್ನೂ ಹೆಣೆದೆ.

ಅಂಗಡಿಗೆ ಹೊರಟಾಗ ನನ್ನ ಚೀಲ ಎತ್ತಿದ ಕಾವ್ಯ ಗಾಬರಿಯಾದಳು. "ಅಯ್ಯೋ, ಇದರಲ್ಲೇನಿದೆ ಸಿಸ್ಟರ್?"

"ಗುಂಡುಕಲ್ಲು. ಹೆಚ್ಚೂಕಮ್ಮಿ ನಿನ್ನ ಮಗನಷ್ಟೇ ತೂಕ ಇದೆ. ಭಾರ ಇಲ್ಲದೆ ಗಾಡಿ ಪರೀಕ್ಷೆ ಆಗುತ್ತಾ? ಪರೀಕ್ಷೆಗೆ ಮಗೂನ ಕೂರಿಸೋಕಾಗುತ್ತಾ?" ಖಾಲಿ ಗಾಡಿಯ ಮಾತನ್ನೂ ಹೇಳಿದೆ. ಅವಳು ನಕ್ಕರೂ ಬೇಡವೆನ್ನಲಿಲ್ಲ. ಮಗುವನ್ನು ಮಂಜುನಾಥನ ಹತ್ತಿರ ಬಿಟ್ಟು, ಕಲ್ಲನ್ನು ಆಟೋದಲ್ಲಿ ನಡುವೆ ಇಟ್ಟುಕೊಂಡು ನೆಹರು ರಸ್ತೆಗೆ ಹೋದೆವು.

ಅಂಗಡಿಯಾತನಿಗೆ ಸುಮಾರು ನಡುವಯಸ್ಸು, ಮಾತುಗಾರ. ನಾನು ಕಲ್ಲು ತೆಗೆದು, ಟೋಪಿ ತೊಡಿಸಿ, ಗಾಡಿಯಲ್ಲಿ ಕೂರಿಸಿ, ಬೆಲ್ಟು ಬಿಗಿದಾಗ ಅವನ ಮಾತು ನಿಂತಿತು.

"ಅಮ್ಮಾ, ಮಗು ಎಲ್ಲಿ?"

"ಸದ್ಯಕ್ಕೆ ಇದೇ."

"ಅಪ್ಪನ ಹೋಲಿಕೆನೋ ಅಮ್ಮನ ಹೋಲಿಕೆನೋ?" ಎಂದ. ಕಾವ್ಯ ಬಾಯಿಗೆ ವೇಲ್ ಒತ್ತಿಕೊಂಡಳು. "ಹುಷಾರು ಅಮ್ಮ, ಕೂಸು ಕೆಳಗೆ ಬಿದ್ರೆ ನನ್ನ ಟೈಲ್ಸ್ ಹೋಗುತ್ತೆ."

ದೊಡ್ಡ ಚಕ್ರದ ಗಟ್ಟಿಯಾದೊಂದು ಗಾಡಿ ನನಗೆ ಹಿಡಿಸಿತು. ಅಂಗಡಿಯ ಹೊಸ್ತಿಲನ್ನೇ ನಮ್ಮ ಬೀದಿಯ ಚಪ್ಪಡಿ ಎಂದುಕೊಂಡು ಹತ್ತಿಸಿ ಇಳಿಸಿದೆ. ಕಲ್ಲು ಅಲುಗಲಿಲ್ಲ. ಹಿಡಿ ಸರಿಯಾಗಿ ನನ್ನ ಮೊಣಕೈ ಎತ್ತರಕ್ಕಿತ್ತು.

"ತಳ್ಳೋರು ಯಾರಮ್ಮ? ಅವ್ರ ಎತ್ತರ ನೋಡಿ ತಗೋಬೇಕು," ಎಂದ ಅಂಗಡಿಯಾತ.

"ನಾನೇ," ಎಂದೆ. ಒಳಗೇ ಇಟ್ಟುಕೊಂಡಿದ್ದು ಹಾಗೆ ಹೊರಬಿತ್ತು.

ಕಾವ್ಯಳ ನಗು ಇಳಿದಿತ್ತು. ಅವಳ ಕೈ ಪಕ್ಕದ ಹಗುರವಾದ, ಕೊಡೆಯಂತೆ ಮಡಚುವ ಗಾಡಿಯ ಮೇಲಿತ್ತು. "ಸಿಸ್ಟರ್, ಅದು ಬಸ್ಸಿನ ಡಿಕ್ಕಿಗೆ ಹಿಡಿಯಲ್ಲ."

"ಹೊಳೆಹೊನ್ನೂರಿಗೆ ಹೋಗೋಕೆ ಗಾಡಿ ಯಾಕೆ? ತೊಡೆ ಮೇಲೆ ಕೂರಿಸ್ಕೊಂಡ್ರೆ ಆಯ್ತು."

"ಹೊಳೆಹೊನ್ನೂರಿಗಲ್ಲ ಸಿಸ್ಟರ್." ಅವಳು ಬ್ರೇಕನ್ನು ಒತ್ತಿ, ಬಿಟ್ಟು, ಮತ್ತೆ ಒತ್ತಿದಳು. "ಇವ್ರಿಗೆ ಕಲಬುರಗಿಗೆ ಟ್ರಾನ್ಸ್‌ಫರ್ ಆಗಿದೆ. ಮುಂದಿನ ತಿಂಗಳು ಹೋಗ್ಬೇಕು. ನಿಮಗೆ ಹೇಳೋಕೆ ಎರಡು ಸಲ ಮೇಲೆ ಬಂದೆ. ಆಗ್ಲಿಲ್ಲ."

ಹೆರಿಗೆ ವಾರ್ಡಿನಲ್ಲಿ ಒಂದು ಅಭ್ಯಾಸವಾಗಿಬಿಡುತ್ತದೆ. ಏನೇ ಆದರೂ ಕೈ ನಿಲ್ಲಿಸಬಾರದು. ಕಲ್ಲನ್ನು ಬಿಚ್ಚಿ ಹಗುರದ ಗಾಡಿಗೆ ಕೂರಿಸಿದೆ. ಬೆಲ್ಟು ಎಳೆದು ನೋಡಿದೆ. ಮಡಚುವ ಕಡೆ ಬೆರಳು ಸಿಕ್ಕುತ್ತದೆಯೇ ಎಂದು ನನ್ನ ಬೆರಳನ್ನೇ ಇಟ್ಟು ನೋಡಿದೆ. "ಇದರ ಛಾವಣಿ ಗಿಡ್ಡ ಆಯ್ತು. ಬಿಸಿಲಿನ ಊರು ಅದು. ಉದ್ದನೆಯ ಛಾವಣಿ ಇರೋದು ತೋರಿಸಿ," ಎಂದೆ ಅಂಗಡಿಯಾತನಿಗೆ. ಅವನು ತಮಾಷೆ ಮಾಡದೆ ಒಳಗೆ ಹೋಗಿ ತಂದ. ಎಲ್ಲ ಸರಿಯಿತ್ತು. ಹಿಡಿ ಮಾತ್ರ ಕಾವ್ಯ, ಮಂಜುನಾಥರ ಎತ್ತರಕ್ಕೆ ಇತ್ತು, ನನಗೆ ಎದೆಗೆ ಬರುತ್ತಿತ್ತು. ಅದನ್ನೇ ಕಟ್ಟಿಕೊಡಲು ಹೇಳಿದೆ.

"ಬೇಡ, ಕಟ್ಟೋದು ಬೇಡ," ಎಂದಳು ಕಾವ್ಯ. "ಆಟೋ ಸ್ಟ್ಯಾಂಡ್ ತನಕ ನೀವೇ ತಳ್ಳಿ ಸಿಸ್ಟರ್. ಕಲ್ಲು ಇದೆಯಲ್ಲ."

ತಳ್ಳಿದೆ. ಕೈಗಳನ್ನು ಮೇಲೆತ್ತಿ, ಶಾಲೆಗೆ ಹೊಸದಾಗಿ ಸೇರಿದ ಮಗು ಮೇಜು ಹಿಡಿದುಕೊಂಡಂತೆ. ಎದುರಿಗೆ ಬಂದ ಹೆಂಗಸೊಬ್ಬಳು ಮಗುವಿನ ಮುಖ ನೋಡಲು ಬಗ್ಗಿ, ಬೆಚ್ಚಿ, ನನ್ನ ಮುಖ ನೋಡಿದಳು. ನಾನು ಟೋಪಿ ಸರಿಮಾಡಿ ಮುಂದೆ ತಳ್ಳಿದೆ.

ಅವರು ಹೋದರು. ಟೋಪಿ ಮಗುವಿನ ತಲೆಯ ಮೇಲೆ ಹೋಯಿತು, ಕಲ್ಲು ಬಾಗಿಲಿಗೆ ಬಂತು. ಕೆಳಗಿನ ಮನೆಗೆ ಆಮೇಲೆ ಯಾರೂ ಬಂದಿಲ್ಲ. ಬಂದವರನ್ನು ಏನಾದರೊಂದು ಹೇಳಿ ನಾನೇ ಕಳಿಸುತ್ತೇನೆ. ಸಂಜೆ ಪಾರ್ಕಿಗೆ ಒಬ್ಬಳೇ ಹೋಗಿ ಬರುತ್ತೇನೆ. ಎದ್ದಿರುವ ಚಪ್ಪಡಿಗಳು ಈಗಲೂ ಬಾಯಿಪಾಠ.

ಎಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕಾವ್ಯಳಿಗೆ ಫೋನ್ ಮಾಡಿದೆ. ಹಬ್ಬಕ್ಕಲ್ಲದೆ ನಾನು ಯಾರಿಗೂ ಫೋನ್ ಮಾಡುವವಳಲ್ಲ. ಅವಳಿಗೆ ಗಾಬರಿ. "ಏನಾಯ್ತು ಸಿಸ್ಟರ್, ಆರಾಮಿದ್ದೀರಾ?"

"ಏನೂ ಇಲ್ಲ. ಗಾಡಿ ಹೇಗಿದೆ ಅಂತ."

"ಅದರಲ್ಲಿ ಕೂರೋದೇ ಬಿಟ್ಬಿಟ್ಟ ಸಿಸ್ಟರ್! ಈಗ ಅವನೇ ತಳ್ಕೊಂಡು ಓಡಾಡ್ತಾನೆ. ಹಿಡಿ ಎಟುಕಲ್ಲ, ಕೆಳಗಿನ ಸರಳು ಹಿಡ್ಕೋತಾನೆ. ಖಾಲಿ ತಳ್ಳಬಾರದು ಅಂತ ನೀವು ಹೇಳಿದ್ರಲ್ಲ, ಒಂದು ಉಂಡೆ ಕಲ್ಲು ಹುಡುಕಿ ಕೂರಿಸಿದ್ದೀನಿ. ಆ ಹಳದಿ ಟೋಪಿ ಇವನಿಗೆ ಚಿಕ್ಕದಾಯ್ತು, ಅದಕ್ಕೇ ಹಾಕಿದ್ದೀನಿ. ಗಾಡಿಲಿರೋದು ಯಾರು ಅಂತ ಕೇಳ್ದ. ಸಿಸ್ಟರಜ್ಜಿ ಅಂದೆ. ಈಗ ದಿನಾ ಊಟ ಆದ ಕೂಡ್ಲೇ 'ತಿತ್ತರಜ್ಜಿ ಟಾಟಾ' ಅಂತ ಬಾಗಿಲ ಹತ್ರ ನಿಲ್ತಾನೆ. ಕೇಳಿ ಇಲ್ಲಿ."

ಅಲ್ಲಿ ಚಕ್ರ ಉರುಳುವ ಶಬ್ದ ಕೇಳಿಸಿತು. ಹೊಸ್ತಿಲು ಬಂದಿರಬೇಕು, ಒಂದು ಕ್ಷಣ ತಡೆಯಿತು. ಮತ್ತೆ ಉರುಳಿತು.

ಫೋನಿಟ್ಟ ಮೇಲೆ ಬಾಗಿಲು ಗಾಳಿಗೆ ಬಡಿದುಕೊಂಡಿತು. ಗುಂಡುಕಲ್ಲಿನ ಕಡೆಗೆ ಚಾಚಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡೆ. ಬಗ್ಗಿ, ಹೊಸ ತಾಯಂದಿರಿಗೆ ಹೇಳಿಕೊಡುತ್ತಿದ್ದ ಹಾಗೆ ಒಂದು ಕೈಯನ್ನು ಕತ್ತಿಗೆ, ಇನ್ನೊಂದನ್ನು ಕೆಳಗೆ ಕೊಟ್ಟು, ಎರಡೂ ಕೈಯಿಂದ ಎತ್ತಿಟ್ಟೆ.