ಅಹವಾಲು ಸಭೆಯ ಮೆತ್ತನೆಯ ಕುರ್ಚಿಗಳು

ದೇಶದ ಅಭಿವೃದ್ಧಿ ಆಗಲೇಬೇಕು, ಆದರೆ ಅದು ಪಕ್ಕದವನ ಜಾಗದಲ್ಲಿ ಆಗಬೇಕು. ನಮ್ಮ ಕುಣಿಗಲ್ಲಿನ ಜನರೆಲ್ಲ ಒಪ್ಪುತ್ತಿದ್ದ ಮಾತು ಇದೊಂದೇ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ಆಗ ಊರ ನಡುವೆಯೇ ಹಾಯುತ್ತಿತ್ತು. ಅದನ್ನು ಅಗಲ ಮಾಡುತ್ತಾರಂತೆ, ಇಲ್ಲದಿದ್ದರೆ ಊರ ಹೊರಗೆ ಬೈಪಾಸ್ ಮಾಡುತ್ತಾರಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಅಂಗಡಿ ಇದ್ದವರೆಲ್ಲ ಬೈಪಾಸಿನ ಪರವಾದರು, ತೆಂಗಿನ ತೋಟ ಇದ್ದವರೆಲ್ಲ ಅಗಲೀಕರಣದ ಪರವಾದರು. ಪೇಟೆಯಲ್ಲಿ ಅಂಗಡಿಯೂ ಹೊರಗೆ ತೋಟವೂ ಇದ್ದ ಮುಖಂಡರೊಬ್ಬರು ಮಾತ್ರ ರಸ್ತೆಯನ್ನು ಕಂಬಗಳ ಮೇಲೆ ಆಕಾಶದಲ್ಲಿ ಕೊಂಡೊಯ್ಯುವುದೇ ವೈಜ್ಞಾನಿಕ ಎಂದು ವಾದಿಸುತ್ತಿದ್ದರು.

ಎರಡೂ ಕಡೆ ಸೇರಲಾಗದೆ ಉಳಿದವರು ನಮ್ಮ ಅಬ್ಬಾ. ಹೆದ್ದಾರಿಯ ಬದಿಯಲ್ಲಿ ಅವರದು ಲಾರಿ ಸೀಟು ಹೊಲಿಯುವ ಕುಷನ್ ಅಂಗಡಿ. ರಸ್ತೆ ಅಗಲವಾದರೆ ಅಂಗಡಿ ಹೋಗುತ್ತದೆ, ಬೈಪಾಸ್ ಆದರೆ ಲಾರಿ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಅಕ್ಕಪಕ್ಕದ ಪಂಕ್ಚರ್ ಅಂಗಡಿಯವರದೂ ಲಾರಿ ವೈರಿಂಗ್ ಮಾಡುವವರದೂ ಇದೇ ಪಾಡು. ಎಲ್ಲರೂ ಟೀ ಕುಡಿದು ಕುಡಿದು ಕೊನೆಗೊಂದು ದಾರಿ ಕಂಡುಕೊಂಡರು. ಬೈಪಾಸ್ ಆಗುವುದಾದರೆ ಆಗಲಿ, ಅದು ಊರಿಗೆ ಹತ್ತಿರವಾಗುವ ಕಡೆ ಲಾರಿ ನಿಲ್ಲಲು ಒಂದಿಷ್ಟು ಜಾಗ ಬಿಡಲಿ. ಅಂಗಡಿ ಎತ್ತಿಕೊಂಡು ಅಲ್ಲಿಗೇ ಹೋದರಾಯಿತು. ಜನರ ಅಹವಾಲು ಕೇಳಲು ಅಧಿಕಾರಿಗಳೇ ಊರಿಗೆ ಬರುವವರಿದ್ದರು. ಅವರೆದುರು ಇಷ್ಟನ್ನು ಕೇಳುವ ಕೆಲಸ ಅಬ್ಬಾನ ಪಾಲಿಗೆ ಬಂತು. ಲಾರಿ ಎಂಜಿನ್ನಿನ ಸದ್ದಿನ ಮೇಲೂ ಅವರ ಗಂಟಲು ಕೇಳಿಸುತ್ತಿತ್ತು.

ಮನೆಯಲ್ಲಿ ತಾಲೀಮು ಶುರುವಾಯಿತು. ನಾವು ಒಳಗೆ ಉರ್ದು ಆಡುವವರಾದರೂ ಈ ತಾಲೀಮು ಮಾತ್ರ ಕನ್ನಡದಲ್ಲಿ. "ಸಾರ್, ಬೈಪಾಸ್ ಬ್ಯಾಡ ಅನ್ನಲ್ಲ ನಾವು. ಲಾರಿ ನಿಲ್ಸೋಕೆ ಜಾಗ ಬುಟ್ಕೊಡಿ. ಲಾರಿ ನಿಂತ್ರೆ ನಮ್ಮನೆ ಒಲೆ ಉರೀತದೆ," ಎಂದು ಅಬ್ಬಾ ಗೋಡೆಗೆ ಹೇಳುತ್ತಿದ್ದರು. ಅಕ್ಕಿ ಆರಿಸುತ್ತ ಕೂತ ಅಮ್ಮಿ ಅಧಿಕಾರಿಯಾಗಿ, ತಲೆಯೆತ್ತದೆ "ಪರಿಶೀಲಿಸ್ತೀವಿ" ಎನ್ನುತ್ತಿದ್ದರು. ಕೆಲಸ ಕೊಟ್ಟಿದ್ದರೆ ಅಮ್ಮಿ ಯಾವ ಕಚೇರಿಯಲ್ಲಾದರೂ ಮೇಲೆ ಬರುತ್ತಿದ್ದರು.

ನಾನಾಗ ದಿನಾ ಬಸ್ಸಿನಲ್ಲಿ ತುಮಕೂರಿಗೆ ಹೋಗಿ ಬಿ.ಎ. ಓದುತ್ತಿದ್ದೆ. ಐಚ್ಛಿಕ ಕನ್ನಡ ತೆಗೆದುಕೊಂಡಿದ್ದೇ ತಪ್ಪಾಗಿ ಊರಿನ ಸಮಾರಂಭಗಳ ನಿರೂಪಣೆಯೆಲ್ಲ ನನ್ನ ತಲೆಗೇ ಬರುತ್ತಿತ್ತು. ಸಾಬರ ಹುಡುಗಿ ಎಷ್ಟು ಚೆನ್ನಾಗಿ ಕನ್ನಡ ಮಾತಾಡುತ್ತದೆ ಎಂದು ಹುಟ್ಟಿದೂರಿನವರೇ ಬಾಯಿ ಬಿಟ್ಟು ಹೊಗಳುತ್ತಿದ್ದರು. ಅವರ ಅಂಗಡಿಯಲ್ಲಿ ಸೊಪ್ಪಿನ ಚೌಕಾಸಿಯನ್ನು ನಾನು ಇನ್ಯಾವ ಭಾಷೆಯಲ್ಲಿ ಮಾಡಬೇಕಿತ್ತೋ ಕಾಣೆ. ಈ ಅಹವಾಲು ಸಭೆಗೂ ನಾನೇ ನಿರೂಪಕಿಯಾದೆ.

ಆಕಾಶದ ರಸ್ತೆಯ ಮುಖಂಡರೇ ಸ್ವಾಗತ ಸಮಿತಿಯ ಅಧ್ಯಕ್ಷರು. ಸಭೆಯ ಹಿಂದಿನ ವಾರ ಅವರು ಅಂಗಡಿಗೆ ಬಂದರು. "ಸಾಬ್ರೆ, ಸಭಾಂಗಣದಲ್ಲಿರೋವು ಕಬ್ಬಿಣದ ಕುರ್ಚಿ. ಆಫೀಸರ್‌ಗಳು ಅದ್ರ ಮೇಲೆ ಕೂತ್ರೆ ಊರಿನ ಮರ್ಯಾದೆ ಏನಾಗ್ಬೇಕು? ಕುಷನ್ ನಿಮ್ಮ ಕಡೆಯಿಂದ ಇರ್ಲಿ," ಎಂದರು. ಅಬ್ಬಾ ಉಬ್ಬಿಹೋದರು.

ಕುಷನ್ ಕೆಲಸದಲ್ಲಿ ಅಬ್ಬಾನದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಡ್ರೈವರ್ ಸೀಟಿಗೆ ತೆಂಗಿನ ನಾರು ಬಿಗಿಯಾಗಿ ತುಂಬಬೇಕು, ನಿದ್ದೆ ಬರಬಾರದು. ಪಕ್ಕದ ಸೀಟು ಮೆತ್ತಗಿದ್ದರೂ ನಡೆಯುತ್ತದೆ, ಅಲ್ಲಿ ಕೂತವನು ಮಲಗಿದರೆ ಯಾರಿಗೂ ಅಪಾಯವಿಲ್ಲ. ಅಧಿಕಾರಿಗಳ ಕುರ್ಚಿಗೆ ಅವರು ನಾರಿನ ಮೇಲೆ ಫೋಮ್, ಫೋಮಿನ ಮೇಲೆ ಹತ್ತಿ, ಅದರ ಮೇಲೆ ಕೆಂಪು ವೆಲ್ವೆಟ್ಟು ಹಾಕತೊಡಗಿದರು. ಅಮ್ಮಿ ಕೈಯಿಂದ ಒತ್ತಿ ನೋಡಿ, ಇದು ಗಟ್ಟಿಯಾಗಿರಲಿ, ಅವರು ಎಚ್ಚರವಾಗಿ ಕೂತು ನಿಮ್ಮ ಮಾತು ಕೇಳಬೇಕಲ್ಲ ಎಂದರು. ಮನೆಗೆ ಬಂದ ಅತಿಥಿಗೆ ಗಟ್ಟಿ ಸೀಟು ಕೊಡುವುದೇ, ನಾಲ್ಕು ಜನ ಏನಂದಾರು ಎಂದು ಅಬ್ಬಾ ರೇಗಿದರು.

ಸಭೆಯ ದಿನ ಅಧಿಕಾರಿಗಳು ತಡವಾಗಿ ಬಂದರು. ಪ್ರಾರ್ಥನೆ, ದೀಪ, ಸ್ವಾಗತ, ಪ್ರಾಸ್ತಾವಿಕ ನುಡಿ ಆಯಿತು. ಆಮೇಲೆ ಸನ್ಮಾನ. ನಮ್ಮ ಕಡೆ ಊರಿಗೆ ಬಂದ ದೊಡ್ಡವರಿಗೆ ಶಾಲು ಹೊದಿಸದೆ ಮಾತಾಡಿಸುವ ಪದ್ಧತಿಯಿಲ್ಲ. ವರ್ತಕರು ಒಂದು ಶಾಲು ಹೊದಿಸಿದರೆ ತೋಟದವರು ಅದಕ್ಕಿಂತ ದಪ್ಪದ್ದನ್ನು ಹೊದಿಸಬೇಕು, ಅದನ್ನು ನೋಡಿದ ಯುವಕ ಸಂಘದವರು ಪೇಟವನ್ನೂ ತರಬೇಕು. ನಾನು ಒಬ್ಬೊಬ್ಬರ ಹೆಸರು ಕೂಗಿ "ಜೋರಾದ ಚಪ್ಪಾಳೆ" ಎನ್ನುತ್ತಿದ್ದೆ. ಬಂದವರಲ್ಲಿ ಹಿರಿಯ ಅಧಿಕಾರಿಯೊಬ್ಬರು ಹಾರ, ಶಾಲು, ಹಣ್ಣಿನ ಬುಟ್ಟಿಗಳ ನಡುವೆ ಮುಳುಗಿ, ಅವರ ಕನ್ನಡಕವಷ್ಟೇ ಹೊರಗೆ ಕಾಣುತ್ತಿತ್ತು. ಅಷ್ಟರಲ್ಲಿ ಊಟದ ಹೊತ್ತಾಯಿತು. ಅಹವಾಲು ಊಟದ ನಂತರ ಎಂದು ಅಧ್ಯಕ್ಷರು ನನ್ನ ಕೈಯಿಂದ ಮೈಕು ಕಿತ್ತುಕೊಂಡು ಘೋಷಿಸಿದರು.

ಹೋಳಿಗೆ, ಪಲಾವು, ಮೊಸರನ್ನ. ಮೇಲೆ ನಿಧಾನವಾಗಿ ತಿರುಗುವ ಫ್ಯಾನು. ಕೆಳಗೆ ಅಬ್ಬಾನ ಕುಷನ್. ನಾನು ಅಬ್ಬಾನ ಹೆಸರು ಕರೆಯುವ ಹೊತ್ತಿಗೆ ಆ ಹಿರಿಯ ಅಧಿಕಾರಿಗಳ ಗದ್ದ ಎದೆಗೆ ತಾಗಿತ್ತು. ಅಬ್ಬಾ ವೇದಿಕೆ ಹತ್ತಿ, ಮೈಕ್ ಹಿಡಿದು "ಸಾರ್..." ಎಂದವರು ಅವರನ್ನು ನೋಡಿ ಅಲ್ಲೇ ನಿಂತರು. ಲಾರಿ ಎಂಜಿನ್ನನ್ನು ಮೀರಿಸುವ ಗಂಟಲಿನಿಂದ ಉಸಿರೇ ಹೊರಡಲಿಲ್ಲ. ಮಲಗಿದ ಅತಿಥಿಯನ್ನು ಎಬ್ಬಿಸುವುದು ಹೇಗೆ? ಮೇಲಾಗಿ, ಹೇಳಲು ಸಂಕಟವಾಗುತ್ತದೆ, ಅಬ್ಬಾನ ಮುಖದಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು.

ಕೆಳಗೆ ಯಾರೋ ಕಿಸಕ್ಕೆಂದರು. ಅಧ್ಯಕ್ಷರು ಓಡಿಬಂದು ಅಧಿಕಾರಿಗಳ ತೋಳು ಮುಟ್ಟಿದರು. ಅವರು ಬೆಚ್ಚಿ ಕಣ್ಣು ಬಿಟ್ಟಾಗ, ಆದ ಮುಜುಗರವನ್ನು ಮುಚ್ಚಲು ಅಧ್ಯಕ್ಷರು ಗಟ್ಟಿಯಾಗಿ, "ಈ ಕುಷನ್ ಮಾಡಿದ್ದು ಇವ್ರೇ ಸಾರ್!" ಎಂದುಬಿಟ್ಟರು.

"ಹೌದೇನ್ರೀ? ಎಂಥಾ ಕೆಲ್ಸ! ನನ್ನ ಜೀಪಿನ ಸೀಟೂ ಕಳಿಸ್ತೀನಿ," ಎಂದ ಅಧಿಕಾರಿಗಳು, ತಮ್ಮ ಹೆಗಲ ಮೇಲಿದ್ದ ಶಾಲುಗಳಲ್ಲಿ ಒಂದನ್ನು ತೆಗೆದು ಅಬ್ಬಾನ ಮೈಮೇಲೆ ಹೊದಿಸಿದರು. ಬೆಳಗಿನಿಂದ ಅಭ್ಯಾಸವಾಗಿಹೋಗಿದ್ದ ನನ್ನ ಬಾಯಿ ತಾನಾಗಿಯೇ "ಜೋರಾದ ಚಪ್ಪಾಳೆ" ಎಂದಿತು. ಸಭೆ ಚಪ್ಪಾಳೆ ತಟ್ಟಿತು. ಶಾಲು ಹೊದಿಸಿಕೊಂಡವನು ತಕರಾರು ತೆಗೆಯುವುದು ನಮ್ಮೂರಲ್ಲಿ ಉಂಡ ಎಲೆಗೆ ಉಗುಳಿದ ಹಾಗೆ. ಅಧಿಕಾರಿಗಳು ನಗುತ್ತ, "ಹೇಳಿ, ಏನೋ ಹೇಳೋಕೆ ಬಂದ್ರಲ್ಲ?" ಎಂದರು.

"ತುಂಬಾ ಸಂತೋಷ ಸಾರ್," ಎಂದು ಅಬ್ಬಾ ಕೈಮುಗಿದು ಕೆಳಗಿಳಿದರು. ನನಗೆ ಮೈಯೆಲ್ಲ ಉರಿಯಿತು. ಮುಂದೆ ವಂದನಾರ್ಪಣೆ ಇತ್ತು, ಅದನ್ನೂ ನಾನೇ ಹೇಳಿದೆ.

ಮನೆಯ ಬಾಗಿಲಲ್ಲೇ ನಿಂತಿದ್ದ ಅಮ್ಮಿ, ಜಾಗ ಕೊಡುತ್ತಾರಂತಾ ಎಂದು ಕೇಳಿದರು. ಅಬ್ಬಾ ಶಾಲನ್ನು ಮಡಿಸಿಟ್ಟು, ಕೈಕಾಲು ತೊಳೆಯಲು ಹೋದರು.

ಕೆಲವು ವರ್ಷಗಳಲ್ಲಿ ಬೈಪಾಸ್ ಆಯಿತು. ಚೆನ್ನಾಗಿಯೇ ಆಯಿತು, ಸುಳ್ಳು ಹೇಳಬಾರದು. ಎತ್ತರಕ್ಕೆ ಮಣ್ಣು ಏರಿಸಿ, ಎರಡು ಬದಿಗೂ ತಡೆಗಂಬಿ ಹಾಕಿದ ನುಣ್ಣನೆಯ ರಸ್ತೆ. ಲಾರಿಗಳ ಹೊಗೆಗೆ ಬೈಯುತ್ತಿದ್ದ ಪೇಟೆಯವರು ಈಗ ವ್ಯಾಪಾರವಿಲ್ಲವೆಂದು ಬೈಯತೊಡಗಿದರು. ತೋಟ ಕಳೆದುಕೊಂಡವರು ಪೇಟೆಯವರನ್ನೂ ಅಧಿಕಾರಿಗಳನ್ನೂ ಬೈದರು. ಅಧಿಕಾರಿಗಳ ಜೀಪಿನ ಸೀಟು ಬರಲೇ ಇಲ್ಲ; ಜೀಪೂ ಬೈಪಾಸಿನಲ್ಲೇ ಹೋಗಿರಬೇಕು. ಅಬ್ಬಾ ಶಾಲಾ ಆಟೋಗಳ ಹರಿದ ಸೀಟಿಗೆ ತೇಪೆ ಹಾಕುತ್ತ ಕೂತರು. ಪಂಕ್ಚರ್ ಅಂಗಡಿಯವರು ಬಾಗಿಲು ಮುಚ್ಚಿ ಬೆಂಗಳೂರಿಗೆ ಹೋದರು, ಹೋಗುವಾಗ ಅಬ್ಬಾನಿಗೆ ಹೇಳಿ ಹೋಗಲಿಲ್ಲ. ಅದು ಅಬ್ಬಾನನ್ನು ಬಹಳ ನೋಯಿಸಿತು.

ಒಂದು ಮಧ್ಯಾಹ್ನ ನಾನು ಊಟದ ಡಬ್ಬಿ ತೆಗೆದುಕೊಂಡು ಅಂಗಡಿಗೆ ಹೋಗಿದ್ದೆ. ಹಾಸನದ ಕಡೆಯ ಹಳೇ ಡ್ರೈವರೊಬ್ಬರು, ಅಬ್ಬಾನ ಎಷ್ಟೋ ವರ್ಷಗಳ ಗಿರಾಕಿ, ಲಾರಿಯ ಸೀಟನ್ನು ತಲೆಯ ಮೇಲೆ ಹೊತ್ತು ಬಿಸಿಲಲ್ಲಿ ನಡೆದುಕೊಂಡು ಬಂದರು. ಲಾರಿಯನ್ನು ಬೈಪಾಸಿನ ಅಂಚಿಗೆ ಒತ್ತಿ, ಕ್ಲೀನರನ್ನು ಕಾವಲಿಗೆ ಬಿಟ್ಟು, ತಡೆಗಂಬಿ ದಾಟಿ ಮಣ್ಣಿನ ಏರಿಯಿಂದ ಇಳಿದು ಬಂದಿದ್ದರು. ಸೀಟನ್ನು ಧೊಪ್ಪೆಂದು ಹಾಕಿ, ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ ಕೂಗಾಡಿದರು.

"ಯಾವನ್ ಸಾಬ್ರೆ ಈ ರೋಡ್ ಮಾಡ್ದೋನು? ಒಂದ್ ಲಾರಿ ನಿಲ್ಸೋಕೆ ಜಾಗ ಇಲ್ವಲ್ರೀ! ರೋಡ್ ಮಾಡೋಕ್ ಮುಂಚೆ ನಿಮ್ಮೂರೋರನ್ನ ಒಂದ್ ಮಾತು ಕೇಳ್ಬಾರ್ದಾಗಿತ್ತಾ?"

ಅಬ್ಬಾ ಸೀಟನ್ನು ಹತ್ತಿರ ಎಳೆದುಕೊಂಡು, ಹರಿದ ರೆಕ್ಸಿನ್ನನ್ನು ಬೆರಳಲ್ಲಿ ಸವರಿದರು.

"ಕೇಳಿದ್ರಪ್ಪಾ," ಎಂದರು. "ಎಲ್ರ ಮುಂದೆ, ಮೈಕ್ ಕೈಗೆ ಕೊಟ್ಟೇ ಕೇಳಿದ್ರು. ತುಂಬಾ ಸಂತೋಷ ಅಂದ್ಬುಟ್ಟೆ."