ದೇಸಾಯಿ ಸರ್ ತೋರಿಸಿದ ಇಬ್ಬರು ಅಪ್ಪಂದಿರು

ದೇಸಾಯಿ ಸರ್ ಬೂಟು ಬಿಚ್ಚದೆಯೇ ಕೆರೆಗೆ ಇಳಿಯುತ್ತಿದ್ದರು. ಇಸ್ತ್ರಿ ಮಾಡಿದ ಪ್ಯಾಂಟು ಮೊಣಕಾಲಿನವರೆಗೆ ತೊಯ್ದರೂ ಅವರಿಗೆ ಪರಿವೆ ಇರುತ್ತಿರಲಿಲ್ಲ. ಬೆಳಗಾವಿಯ ಕಾಲೇಜಿನಲ್ಲಿ ನಮಗೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಅವರು ಪ್ರತಿ ಮಳೆಗಾಲದ ಕೊನೆಗೆ ವಿದ್ಯಾರ್ಥಿಗಳನ್ನು ಖಾನಾಪುರ ತಾಲ್ಲೂಕಿನ ಬೀಡಿ ಎಂಬ ಊರಿನ ಕೆರೆಗೇ ಕರೆದೊಯ್ಯುತ್ತಿದ್ದರು. ಹತ್ತಿರದಲ್ಲಿ ಬೇರೆ ಕೆರೆಗಳಿದ್ದವು. ಬೀಡಿಯೇ ಏಕೆಂದು ಯಾರೂ ಕೇಳಿರಲಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಸರ್ ಬೊಗಸೆಯಲ್ಲಿ ಒಂದು ನೀರುತಿಗಣೆ ಹಿಡಿದು ತಂದರು. ಬೆನ್ನ ತುಂಬ ಮೊಟ್ಟೆ. ಅದು ಗಂಡು. ಹೆಣ್ಣು ಮೊಟ್ಟೆಗಳನ್ನು ಅದರ ಬೆನ್ನಿಗೆ ಅಂಟಿಸಿ ಹೋಗುತ್ತದೆ, ಮರಿಯಾಗುವವರೆಗೂ ಅದಕ್ಕೆ ಹಾರಲಾಗುವುದಿಲ್ಲ ಎಂದರು. ಆಮೇಲೆ ತಾವರೆ ಎಲೆಗಳ ಮೇಲೆ ನಡೆಯುತ್ತಿದ್ದ ದೇವನಕ್ಕಿ ಎಂಬ ಹಕ್ಕಿಯತ್ತ ಬೈನಾಕ್ಯುಲರ್ ತಿರುಗಿಸಿಕೊಟ್ಟರು. ದಂಡೆಹಕ್ಕಿಗಳ ಕುಲದ್ದು. ಅದೂ ಗಂಡೇ. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಕಾವು ಕೊಡುವುದು, ಮರಿಗಳನ್ನು ರೆಕ್ಕೆಯಡಿ ಅವುಚಿಕೊಳ್ಳುವುದು ಇದರ ಪಾಲು.

ಈ ಇಬ್ಬರು ಅಪ್ಪಂದಿರಲ್ಲಿ ಯಾರು ಹೆಚ್ಚು ಎಂದು ನಾನು ಕೇಳಿದೆ.

"ಹುಳಕ್ಕ ಬಿಟ್ಟು ಹೋಗಾಕ ಬರಂಗಿಲ್ಲವ್ವಾ, ಬೆನ್ನಿಗೆ ಅಂಟೇತಿ," ಎಂದರು ಸರ್. "ಹಕ್ಕಿಗೆ ಹೋಗಾಕ ಬರತಿತ್ತು. ಹೋಗಿಲ್ಲ ನೋಡು."

ಅಷ್ಟರಲ್ಲಿ ಕೆರೆ ಏರಿಯ ಮೇಲೆ ಅದೇ ಊರಿನಲ್ಲಿದ್ದ ಸರ್ ಅವರ ತಂಗಿ ಹತ್ತು ವರ್ಷದ ಹುಡುಗಿಯೊಬ್ಬಳ ಕೈಹಿಡಿದು ಬಂದರು. ಸರ್ ಚೀಲದಿಂದ ಕುಂದಾ ಸಿಹಿಯ ಡಬ್ಬಿ ತೆಗೆದು ಹುಡುಗಿಗೆ ಕೊಟ್ಟರು. "ಸಾಕು ಮಾಮಾ," ಎಂದಳು ಅವಳು. ಮಾಮಾ ಅಲ್ಲ, ಅಪ್ಪಾ ಅನ್ನು ಎಂದು ತಂಗಿ ಮೆಲ್ಲಗೆ ತಿದ್ದಿದರು. ಹುಡುಗಿ ನಾಚಿ ಅವರ ಸೆರಗಿನ ಹಿಂದೆ ಸರಿದಳು. ಸರ್ ನೀರಿನತ್ತ ತಿರುಗಿ ನಿಂತರು.

ಮರಳುವಾಗ ಬಸ್ಸಿನಲ್ಲಿ ತಾವಾಗಿಯೇ ಹೇಳಿದರು. ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡಾಗ ಕೂಸನ್ನು ಸ್ವಲ್ಪ ಕಾಲದ ಮಟ್ಟಿಗೆಂದು ತಂಗಿಗೆ ಒಪ್ಪಿಸಿದ್ದರು. ಆಮೇಲೆ ಪಿಎಚ್‌ಡಿ, ಬೆಳಗಾವಿಯ ರಾಮತೀರ್ಥ ನಗರದಲ್ಲಿ ಮನೆ ಕಟ್ಟುವುದು, ಹೀಗೆ ಒಂದೊಂದು ನೆವ. ತಂಗಿಯ ಮಕ್ಕಳ ಬಾಯಿಂದ ಕೇಳಿ ಮಗಳೂ ಮಾಮಾ ಎನ್ನುವುದನ್ನು ಕಲಿತಿದ್ದಳು.

ಮರುವರ್ಷ ಅವಳನ್ನು ಕರೆತರಲು ಹೋದರಂತೆ. ಅತ್ತೆಯನ್ನು ಬಿಟ್ಟು ಬರಲೊಲ್ಲೆ ಎಂದಳು. ಸರ್ ಕಟ್ಟಿದ ಮನೆಗೆ ಬೀಗ ಹಾಕಿ ತಾವೇ ಬೀಡಿಗೆ ಹೋಗಿ ನೆಲೆಸಿದರು.

ಕೆಲವು ವರ್ಷಗಳ ಮೇಲೆ ಖಾನಾಪುರದ ಬಸ್ ನಿಲ್ದಾಣದಲ್ಲಿ ಸಿಕ್ಕರು. ಮಗಳೀಗ ಧಾರವಾಡದ ಹಾಸ್ಟೆಲಿನಲ್ಲಿದ್ದಾಳೆ, ರಜೆ ಬಿಟ್ಟಾಗ ಮನೆಗೆ ಬರುತ್ತಾಳೆ ಎಂದರು.

"ಈಗ ಅಪ್ಪಾ ಅಂತಾಳವ್ವಾ. ಆದ್ರ ಉಂಡ ತಾಟು ತೊಳದಿಟ್ಟು, ನಾ ಕುಂದರು ಅಂದಮ್ಯಾಲೇ ಕುಂದರತಾಳ, ಬ್ಯಾರೇವ್ರ ಮನಿಗೆ ಬಂದಂಗ. ತಪ್ಪು ಆಕೀದಲ್ಲ."

ಅವರ ಬಸ್ಸು ಬಂತು. ಸೀಟುಗಳು ಖಾಲಿಯಿದ್ದವು. ಸರ್ ಕಂಬಿ ಹಿಡಿದು ನಿಂತುಕೊಂಡೇ ಹೋದರು.